ರಾಷ್ಟ್ರಕೂಟ: ಒಂದು ಅಧಿಕಾರನಾಮದ ಏರಿಳಿತ

ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಅತ್ಯಂತ ಪರಿಚಿತವಾದ, ಪರಿಚಿತವಾದುದರಿಂದಲೇ ಅರ್ಥವನ್ನು ವಿಚಾರಿಸದೆ ಬಿಟ್ಟಿರುವ ಪದಗಳಲ್ಲಿ ‘ರಾಷ್ಟ್ರಕೂಟ’ವೂ ಒಂದು. ಕವಿರಾಜಮಾರ್ಗದ ಪಾಠ ಮೊದಲಾಗುವುದೇ ಆ ಹೆಸರಿನಿಂದ. ನೃಪತುಂಗ, ಶ್ರೀವಿಜಯ, ಮಾನ್ಯಖೇಟ ಎಂಬ ಹೆಸರುಗಳ ಜೊತೆಗೆ ಅದೂ ನೆನಪಿನಲ್ಲಿ ನೆಲೆಯಾಗುತ್ತದೆ. ಉತ್ತರಪತ್ರಿಕೆಗಳಲ್ಲಿ ಒಂದು ರಾಜವಂಶದ ಹೆಸರಾಗಿ ಬಂದು ಹೋಗುತ್ತದೆ. ಕದಂಬ ಎಂದರೆ ಒಂದು ಮರವೆಂದೂ ಹೊಯ್ಸಳ ಎಂದರೆ ಸಳನ ಕಥೆಯೆಂದೂ ಥಟ್ಟನೆ ಹೇಳಬಲ್ಲವರು ಕೂಡ ರಾಷ್ಟ್ರಕೂಟ ಎಂದರೇನು ಎಂದು ಕೇಳಿದಾಗ ಕ್ಷಣಕಾಲ ತಡೆಯುತ್ತಾರೆ. ತಡೆದು, ‘ರಾಷ್ಟ್ರಗಳ ಕೂಟ’ ಎಂದು ಉತ್ತರಿಸುತ್ತಾರೆ.

ಈ ಉತ್ತರ ತಪ್ಪಾದರೂ ಅಕಾರಣವಾದುದಲ್ಲ. ಕನ್ನಡದ ಕಿವಿಗೆ ‘ಕೂಟ’ ಎಂದರೆ ಕೂಡುವಿಕೆ. ಕೂಡು ಧಾತುವಿನಿಂದ ಬಂದ ಆ ದೇಶ್ಯಪದ ಸಂತೋಷಕೂಟ, ಭೋಜನಕೂಟ, ಒಕ್ಕೂಟಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಆದರೆ ರಾಷ್ಟ್ರಕೂಟದ ಕೂಟ ಇದಲ್ಲ. ಅದು ಸಂಸ್ಕೃತದ ಕೂಟ. ಚಿತ್ರಕೂಟ, ತ್ರಿಕೂಟಗಳಲ್ಲಿರುವ ಶಿಖರವಾಚಿಯಾದ ಪದ. ಶಿಖರವೆಂಬ ಅರ್ಥದಿಂದ ತಲೆ, ತಲೆಯಿಂದ ತಲೆಯಾಳು ಎಂಬ ಅರ್ಥ ಬೆಳೆಯಿತು. ಗ್ರಾಮದ ತಲೆಯಾಳು ಗ್ರಾಮಕೂಟ; ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಈ ಪದವಿದೆ. ರಾಷ್ಟ್ರದ ತಲೆಯಾಳು ರಾಷ್ಟ್ರಕೂಟ. ವಂಶದ ಹೆಸರಾಗುವುದಕ್ಕೆ ಮೊದಲು ಅದು ಒಂದು ಹುದ್ದೆಯ ಹೆಸರು.

ಇಲ್ಲಿ ‘ರಾಷ್ಟ್ರ’ವನ್ನೂ ಇಂದಿನ ಅರ್ಥದಲ್ಲಿ ತೆಗೆದುಕೊಳ್ಳುವಂತಿಲ್ಲ. ಅರ್ಥಶಾಸ್ತ್ರವು ಬೊಕ್ಕಸಕ್ಕೆ ಆದಾಯ ಬರುವ ಮೂಲಗಳನ್ನು ಎಣಿಸುವಾಗ ದುರ್ಗ, ರಾಷ್ಟ್ರ, ಗಣಿ, ಸೇತು, ವನ, ವ್ರಜ, ವಣಿಕ್ಪಥ ಎಂದು ಹೇಳುತ್ತದೆ. ಅಲ್ಲಿ ರಾಷ್ಟ್ರವೆಂದರೆ ಕೋಟೆಯ ಹೊರಗಿನ ನಾಡು, ಉಳುವ ನೆಲ. ಮನುಸ್ಮೃತಿಯು ರಾಜ್ಯದ ಏಳು ಅಂಗಗಳಲ್ಲಿ ರಾಷ್ಟ್ರವನ್ನೂ ಒಂದಾಗಿ ಎಣಿಸುತ್ತದೆ. ಎಂದರೆ ರಾಷ್ಟ್ರವು ರಾಜ್ಯದ ಒಂದು ಭಾಗವೇ ಹೊರತು ರಾಜ್ಯಕ್ಕಿಂತ ದೊಡ್ಡದಲ್ಲ. ಶಾಸನಗಳಲ್ಲಿ ಅದು ಆಡಳಿತದ ಒಂದು ವಿಭಾಗದ ಹೆಸರಾಗಿಯೂ ನಿಲ್ಲುತ್ತದೆ. ಹಿರೇಹಡಗಲಿಯಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟವು ಬಳ್ಳಾರಿಯ ಸುತ್ತಣ ಸೀಮೆಯನ್ನು ‘ಸಾತಾಹನಿರಟ್ಠ’ ಎಂದು ಕರೆದಿದೆ. ಅರಸನ ಆಜ್ಞೆಯನ್ನು ಕೇಳಬೇಕಾದ ಅಧಿಕಾರಿಗಳ ಸಾಲಿನಲ್ಲಿ ‘ರಟ್ಠಿಕ’ನನ್ನೂ ಹೆಸರಿಸಿದೆ. ನಮ್ಮ ಹಳೆಯ ಮಾತಿನಲ್ಲಿ ಹೇಳುವುದಾದರೆ ಅವನು ನಾಳ್ಗಾವುಂಡನಿಗೆ ಸಮೀಪನಾದವನು.

ನಾಡಿನ ಒಬ್ಬ ಅಧಿಕಾರಿಯ ಪದವಿ ಸಾಮ್ರಾಜ್ಯವೊಂದರ ಹೆಸರಾದುದು ಹೇಗೆ? ಆ ಹೆಸರಿನ ಮೇಲೆ ಯಾರ ಹಕ್ಕು ಎಷ್ಟು? ಈ ಪ್ರಶ್ನೆಗಳು ಕೇವಲ ನಿಘಂಟಿನವಲ್ಲ. ಕನ್ನಡ, ಮರಾಠಿ, ತೆಲುಗು ಭಾಷಿಕರು ತಮ್ಮ ಪ್ರಾಚೀನತೆಯನ್ನು ಕುರಿತು ನಡೆಸಿದ ವಾದಗಳಲ್ಲಿ ಈ ಒಂದು ಪದ ಎಲ್ಲ ಕಡೆಯೂ ಸಾಕ್ಷಿಯಾಗಿ ನಿಂತಿದೆ. ಆದ್ದರಿಂದ ಆ ಸಾಕ್ಷಿ ಹೇಳುವುದೇನು, ಹೇಳದಿರುವುದೇನು ಎಂಬುದನ್ನು ವಿಚಾರಿಸುವುದು ಅಗತ್ಯ. ಅದಕ್ಕೆ ತಕ್ಕ ನೆಲ ಮಾನ್ಯಖೇಟಕ್ಕಿಂತ ಹೆಚ್ಚಾಗಿ ಗೋದಾವರಿಯ ದಡ. ಇಂದಿನ ಮಹಾರಾಷ್ಟ್ರದ ನಾಸಿಕ ಮತ್ತು ಛತ್ರಪತಿ ಸಂಭಾಜಿನಗರ ಜಿಲ್ಲೆಗಳು. ಕವಿರಾಜಮಾರ್ಗವು ಕನ್ನಡ ನಾಡಿನ ಉತ್ತರದ ಎಲ್ಲೆಯೆಂದು ಹೇಳುವ ಆ ನದಿ ನಾಸಿಕ ಜಿಲ್ಲೆಯ ತ್ರ್ಯಂಬಕದಲ್ಲಿ ಹುಟ್ಟಿ ಪೈಠಣದ ಮುಂದೆ ಹರಿಯುತ್ತದೆ.

ನಾಸಿಕದ ಬಳಿಯ ತ್ರಿರಶ್ಮಿ ಬೆಟ್ಟದಲ್ಲಿ ಬೌದ್ಧರ ಲೇಣಗಳಿವೆ. ಜನ ಅವನ್ನು ಪಾಂಡವಲೇಣಿ ಎನ್ನುತ್ತಾರೆ. ಅಧಿಕಾರನಾಮಗಳನ್ನು ಕುರಿತು ಯೋಚಿಸುವವರಿಗೆ ಅಲ್ಲಿನ ಗೋಡೆಗಳೇ ಒಂದು ಪಾಠ. ಅಲ್ಲಿನ ಅತ್ಯಂತ ಹಳೆಯ ಲೇಣಗಳಲ್ಲಿ ಒಂದನ್ನು ಸಾತವಾಹನ ಕುಲದ ಕಣ್ಹ ಅರಸನ ಕಾಲದಲ್ಲಿ ಮಾಡಿಸಿದವನು ನಾಸಿಕದ ಶ್ರಮಣ ಮಹಾಮಾತ್ರ. ಶ್ರಮಣರ ಯೋಗಕ್ಷೇಮವನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿ. ಗೌತಮೀಪುತ್ರ ಸಾತಕರ್ಣಿ ಭೂದಾನದ ಆಜ್ಞೆಯನ್ನು ಕಳುಹಿಸಿದ್ದು ಗೋವರ್ಧನದಲ್ಲಿದ್ದ ಅಮಾತ್ಯ ವಿಷ್ಣುಪಾಲಿತನಿಗೆ. ಅರಸ ಎಲ್ಲೋ ದೂರದಲ್ಲಿದ್ದಾನೆ. ಊರಿಗೆ ಹತ್ತಿರವಿರುವುದು ಹುದ್ದೆ.

ಈ ಮಹಾಮಾತ್ರ ಶಬ್ದ ಕನ್ನಡ ನೆಲಕ್ಕೂ ಹೊಸದಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕಶಾಸನವು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆ. ಮೌರ್ಯರ ಕಾಲದಲ್ಲಿ ಅಷ್ಟು ಗೌರವದಲ್ಲಿದ್ದ ಆ ಪದ ಮುಂದೆ ಆನೆಯ ಮೇಲ್ವಿಚಾರಕನೆಂಬ ಅರ್ಥಕ್ಕೆ ಸಂಕುಚಿತವಾಗಿ, ಪ್ರಾಕೃತದ ಬಾಯಲ್ಲಿ ಸವೆದು, ನಮ್ಮ ಮಾವುತನಾಯಿತು, ಹಿಂದಿಯ ಮಹಾವತನಾಯಿತು. ಇಂದು ಆನೆಯ ಹೆಗಲ ಮೇಲೆ ಕುಳಿತವನು ಅಶೋಕನ ಮಹಾಧಿಕಾರಿಯ ಹೆಸರನ್ನು ಹೊತ್ತಿದ್ದಾನೆ. ಹುದ್ದೆಗಳು ಅಳಿದರೂ ಹೆಸರುಗಳು ಅಳಿಯುವುದಿಲ್ಲ. ಆದರೆ ಅವು ಇದ್ದಲ್ಲಿಯೇ ಇರುವುದೂ ಇಲ್ಲ. ಕೆಲವು ಇಳಿಯುತ್ತವೆ, ಕೆಲವು ಏರುತ್ತವೆ. ರಾಷ್ಟ್ರಕೂಟ ಎಂಬ ಪದದ ವಿಶೇಷವೆಂದರೆ ಅದು ಒಂದು ಕಡೆ ಏರುತ್ತಿದ್ದಾಗಲೇ ಮತ್ತೊಂದು ಕಡೆ ನೆಲದಲ್ಲಿ ಉಳಿದುಕೊಂಡಿತು.

ನಾಸಿಕದ ಇನ್ನೊಂದು ಲೇಣವನ್ನು ಯಜ್ಞ ಸಾತಕರ್ಣಿಯ 7ನೆಯ ಆಳ್ವಿಕೆಯ ವರ್ಷದಲ್ಲಿ ಪೂರ್ಣಗೊಳಿಸಿದವಳು ಮಹಾಸೇನಾಪತಿ ಭವಗೋಪನ ಹೆಂಡತಿ ವಾಸು. ಶಾಸನ ಅವಳನ್ನು ‘ಮಹಾಸೇನಾಪತಿನೀ’ ಎಂದು ಕರೆಯುತ್ತದೆ. ಸೈನ್ಯವನ್ನು ನಡೆಸಿದವನು ಗಂಡ. ಹೆಸರು ಮಾತ್ರ ಮನೆಯೊಳಕ್ಕೂ ಬಂದಿದೆ. ಪುಣೆಯ ಸಮೀಪದ ಬೇಡಸೆಯ ಲೇಣದಲ್ಲಿ ಮಹಾಭೋಜನ ಮಗಳು ‘ಮಹಾರಠಿನೀ’ ಸಾಮಡಿನಿಕಾ ಕಾಣಿಸುತ್ತಾಳೆ, ನಾಣೇಘಾಟದಲ್ಲಿಯೂ ಮಹಾರಠಿಗಳಿದ್ದಾರೆ. ಚಿತ್ರದುರ್ಗದ ಚಂದ್ರವಳ್ಳಿಯ ಸೀಸದ ನಾಣ್ಯಗಳ ಮೇಲೆ ಸದಕಣ ಕಳಲಾಯ ಮಹಾರಠಿಯ ಹೆಸರಿದೆ. ರಾಷ್ಟ್ರದ ಅಧಿಕಾರಿಯನ್ನು ಸೂಚಿಸುವ ರಟ್ಠಿಕ, ರಠಿಕ ಎಂಬ ಪದಗಳ ಬಳಗಕ್ಕೇ ಈ ಮಹಾರಠಿಯೂ ಸೇರುತ್ತಾನೆಂದು ಅನೇಕ ವಿದ್ವಾಂಸರು ತಿಳಿದಿದ್ದಾರೆ. ಹೆಂಡತಿಯ ಹೆಸರಿಗೆ ಅಂಟಿಕೊಂಡ ಪದವಿ ಮಕ್ಕಳ ಹೆಸರಿಗೆ ಅಂಟಿಕೊಳ್ಳಲು ಹೆಚ್ಚು ಕಾಲ ಬೇಡ. ಅರಸನು ಕೊಟ್ಟ ಅಧಿಕಾರ ಮನೆತನದ ಆಸ್ತಿಯಾಗುವ ದಾರಿ ಇದು.

ಈ ದಾರಿ ಎಷ್ಟು ಹಳೆಯದು ಎಂಬುದಕ್ಕೆ ಅಶೋಕನ ಐದನೆಯ ಶಿಲಾಶಾಸನದಲ್ಲಿ ಒಂದು ಕುರುಹಿದೆ. ಅದು ತನ್ನ ಪಶ್ಚಿಮದ ಎಲ್ಲೆಯ ಜನರನ್ನು ಹೆಸರಿಸುವಾಗ ರಾಸ್ಟಿಕ, ಪೇತೇನಿಕ ಎಂಬ ಎರಡು ಪದಗಳನ್ನು ಜೊತೆಯಾಗಿ ಇಡುತ್ತದೆ. ಪೇತೇನಿಕರೆಂದರೆ ಪ್ರತಿಷ್ಠಾನದವರು, ಎಂದರೆ ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದವರು ಎಂದು ಕೆಲವರು ಅರ್ಥಮಾಡಿದರು. ದೇವದತ್ತ ರಾಮಕೃಷ್ಣ ಭಾಂಡಾರಕರರು ಬೇರೆಯಾಗಿ ನೋಡಿದರು. ಪಾಲಿಯ ಅಂಗುತ್ತರನಿಕಾಯದಲ್ಲಿಯೂ ರಟ್ಠಿಕ, ಪೆತ್ತನಿಕ ಎಂಬ ಪದಗಳು ಒಟ್ಟಿಗೆ ಬರುತ್ತವೆ. ಅಲ್ಲಿ ಪೆತ್ತನಿಕನೆಂದರೆ ಪಿತ್ರಾರ್ಜಿತವಾಗಿ ಪಡೆದವನು. ಹಾಗಾದರೆ ಅಶೋಕಶಾಸನ ಹೇಳುವುದು ಒಂದು ಊರಿನವರನ್ನಲ್ಲ, ವಂಶಪಾರಂಪರ್ಯವಾಗಿ ನಾಡಾಳುತ್ತಿದ್ದವರನ್ನು. ಎರಡನೆಯ ಅರ್ಥವೇ ಸರಿಯಾದರೆ, ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿಯೇ ನಾಡಿನ ಒಡೆತನ ತಂದೆಯಿಂದ ಮಗನಿಗೆ ಇಳಿಯತೊಡಗಿತ್ತು ಎಂದಾಗುತ್ತದೆ.

ಇಷ್ಟು ದೀರ್ಘವಾದ ಪೂರ್ವಚರಿತ್ರೆಯ ನಂತರ 8ನೆಯ ಶತಮಾನದ ವೇರೂಳಕ್ಕೆ ಬರಬೇಕು. ಇಂಗ್ಲಿಷಿನ ಮೂಲಕ ಎಲ್ಲೋರವೆಂದು ಪ್ರಸಿದ್ಧವಾದ, ಶಾಸನಗಳು ಏಲಾಪುರವೆನ್ನುವ ಈ ಊರು ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿದೆ. ಇಲ್ಲಿ ದೊರೆತ ಶಕ 663ರ, ಎಂದರೆ ಕ್ರಿ.ಶ. 741-42ರ ತಾಮ್ರಪಟದಲ್ಲಿ ದಂತಿದುರ್ಗನು ಪಂಚಮಹಾಶಬ್ದಗಳ ಗೌರವವನ್ನು ಪಡೆದ ಸಾಮಂತ. ಬಾದಾಮಿಯ ಚಾಲುಕ್ಯರ ಕೆಳಗಿನವನು. ಕೊಲ್ಲಾಪುರ ಸೀಮೆಯ ಸಾಮನಗಡದ ಶಕ 675ರ ತಾಮ್ರಪಟದಲ್ಲಿ ಅವನೇ ಮಹಾರಾಜಾಧಿರಾಜ. ಹನ್ನೆರಡು ವರ್ಷಗಳ ಅಂತರದಲ್ಲಿ ಬಿರುದುಗಳು ಬದಲಾದವು. ಬಿರುದುಗಳು ಬದಲಾದವೆಂದರೆ ಒಂದು ಸಾಮ್ರಾಜ್ಯವೇ ಕೈ ಬದಲಾಯಿಸಿತು.

ವೇರೂಳದ ದಶಾವತಾರ ಗುಹೆಯ ಅಂಗಳದ ಮಂಟಪದಲ್ಲಿ ದಂತಿದುರ್ಗನ ಕಾಲದ ಶಾಸನವಿದೆ. ಅದು ದಂತಿವರ್ಮನಿಂದ ತೊಡಗಿ ದಂತಿದುರ್ಗನವರೆಗೆ ವಂಶಾವಳಿಯನ್ನು ಹೇಳುತ್ತದೆ. ಆ ಕುಲವನ್ನು ಅದು ರಾಷ್ಟ್ರಕೂಟಾನ್ವಯವೆಂದು ಕರೆದು ಲೋಕಪ್ರಸಿದ್ಧವೆಂದು ಹೊಗಳುತ್ತದೆ. ಅನ್ವಯವೆಂದರೆ ವಂಶ. ಹುದ್ದೆ ವಂಶವಾದುದು ಇಲ್ಲಿ ಕಲ್ಲಿನ ಮೇಲೆ ದಾಖಲಾಗಿದೆ. ಅದರ ಪಕ್ಕದಲ್ಲಿಯೇ ದಂತಿದುರ್ಗನ ಚಿಕ್ಕಪ್ಪನಾದ 1ನೆಯ ಕೃಷ್ಣನ ಕೈಲಾಸ. ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡೆದು ತೆಗೆದ ಆ ದೇವಾಲಯವನ್ನು ಕಂಡು ಅದನ್ನು ನಿರ್ಮಿಸಿದ ಶಿಲ್ಪಿಯೇ ಬೆರಗಾದನೆಂದು ಗುಜರಾತ್ ಶಾಖೆಯ ಕರ್ಕನ ಬರೋಡ ತಾಮ್ರಪಟ ವರ್ಣಿಸಿದೆ. ಕನ್ನಡ ವಿದ್ಯಾರ್ಥಿಗಳು ಅಭಿಮಾನದಿಂದ ಈ ಕೈಲಾಸದ ಮುಂದೆ ನಿಲ್ಲುತ್ತಾರೆ, ನಿಲ್ಲಬೇಕಾದುದೇ. ಆದರೆ ಆ ವಂಶದ ಹೆಸರನ್ನು ಸಾರುವ ಶಾಸನ ಸಂಸ್ಕೃತದಲ್ಲಿದೆ, ಸುತ್ತಲಿನ ಊರು ಮರಾಠಿಯನ್ನು ಆಡುತ್ತದೆ ಎಂಬುದನ್ನು ಮರೆಯದೆ ನಿಲ್ಲಬೇಕು. ಅಭಿಮಾನಕ್ಕೆ ಆಧಾರ ಬೇಕಾದರೆ ಅದನ್ನು ಹೆಸರಿನಲ್ಲಿ ಅಲ್ಲ, ಬೇರೆಡೆ ಹುಡುಕಬೇಕು.

ಮತ್ತೆ ನಾಸಿಕಕ್ಕೆ ಮರಳಿದರೆ ಇನ್ನೊಂದು ಸೂಕ್ಷ್ಮ ಸಂಗತಿ ಕಾಣಿಸುತ್ತದೆ. 9ನೆಯ ಶತಮಾನದ ಮೊದಲ ದಶಕದಲ್ಲಿ 3ನೆಯ ಗೋವಿಂದನು ಮಯೂರಖಂಡಿಯಿಂದ ಹೊರಡಿಸಿದ ವಣಿಯ ತಾಮ್ರಪಟವು ನಾಸಿಕ ದೇಶದ ವಟನಗರ ವಿಷಯದಲ್ಲಿದ್ದ ಒಂದು ಗ್ರಾಮದ ದಾನವನ್ನು ಹೇಳುತ್ತದೆ. ಮಯೂರಖಂಡಿಯನ್ನು ವಣಿಯ ಹತ್ತಿರದ ಬೆಟ್ಟದ ಕೋಟೆಯೊಂದಿಗೆ ಗುರುತಿಸುವುದುಂಟು. ಈ ಅರಸರ ದಾನಪತ್ರಗಳಲ್ಲಿ ಅಧಿಕಾರಿಗಳನ್ನು ಸಂಬೋಧಿಸುವ ಒಂದು ನಿಯತವಾದ ಸಾಲು ಇರುತ್ತದೆ. ರಾಷ್ಟ್ರಪತಿ, ವಿಷಯಪತಿ, ಗ್ರಾಮಕೂಟ, ಆಯುಕ್ತಕ, ನಿಯುಕ್ತಕ, ಅಧಿಕಾರಿಕ, ಮಹತ್ತರ ಎಂದು ಮೇಲಿನಿಂದ ಕೆಳಕ್ಕೆ ಅವರ ಹೆಸರುಗಳು ಬರುತ್ತವೆ. ಗ್ರಾಮದ ಮಟ್ಟದಲ್ಲಿ ಗ್ರಾಮಕೂಟನಿದ್ದಾನೆ. ಅದಕ್ಕೆ ಸರಿಯಾಗಿ ಮೇಲೆ ರಾಷ್ಟ್ರಕೂಟನಿರಬೇಕಾಗಿತ್ತು. ಆ ಜಾಗದಲ್ಲಿ ಇರುವವನು ರಾಷ್ಟ್ರಪತಿ. ಅರಸನ ಕುಲದ ಹೆಸರೇ ಆಗಿಬಿಟ್ಟ ಪದವನ್ನು ಅವನ ಆಜ್ಞೆ ಕೇಳುವ ಅಧಿಕಾರಿಗೆ ಬಳಸುವುದು ಉಚಿತವೆನಿಸಲಿಲ್ಲವೋ, ಲೇಖಕರ ರೂಢಿಯೇ ಹಾಗಿತ್ತೋ, ಅಂತೂ ಏಣಿಯ ಒಂದು ಮೆಟ್ಟಿಲಿನ ಹಳೆಯ ಹೆಸರು ಅಲ್ಲಿ ಇಲ್ಲವಾಗಿದೆ.

ಆದರೆ ಪೂರ್ವದ ಕರಾವಳಿಯ ವೆಂಗಿಯಲ್ಲಿ ಆ ಹೆಸರು ಇದ್ದಲ್ಲಿಯೇ ಇತ್ತು. ಪೂರ್ವ ಚಾಲುಕ್ಯರ ದಾನಶಾಸನಗಳು ವಿಷಯದ ಕುಟುಂಬಿಗಳನ್ನು ‘ರಾಷ್ಟ್ರಕೂಟಪ್ರಮುಖ’ರೆಂದು ಸಂಬೋಧಿಸುತ್ತವೆ, ಎಂದರೆ ರಾಷ್ಟ್ರಕೂಟರನ್ನು ಮುಂದಿಟ್ಟುಕೊಂಡ ಒಕ್ಕಲುಗಳು. ವೆಂಗಿಯ ಅರಸರು ಮಾನ್ಯಖೇಟದ ರಾಷ್ಟ್ರಕೂಟರೊಡನೆ ತಲೆಮಾರುಗಳ ಕಾಲ ಹೋರಾಡಿದವರು. ಯುದ್ಧರಂಗದಲ್ಲಿ ಯಾರ ಹೆಸರು ರಾಷ್ಟ್ರಕೂಟವೋ ಅವರು ಚಕ್ರವರ್ತಿಗಳು. ತಮ್ಮ ದಾನಪತ್ರದಲ್ಲಿ ಯಾರ ಹೆಸರು ರಾಷ್ಟ್ರಕೂಟವೋ ಅವರು ದಾನದ ಸುದ್ದಿಯನ್ನು ಕೇಳಿಸಿಕೊಳ್ಳಬೇಕಾದ ನಾಡಿನ ಮುಖಂಡರು. ಒಂದೇ ಕಾಲದಲ್ಲಿ ಒಂದೇ ಪದ ಎರಡು ಎತ್ತರಗಳಲ್ಲಿ ಜೀವಿಸಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಮೇಲೇರಿದ ಮನೆತನಕ್ಕೆ ತನ್ನ ಹೆಸರಿನ ಮೂಲ ಮರೆತುಹೋಯಿತು. ಅಥವಾ ನೆನಪಿಟ್ಟುಕೊಳ್ಳುವುದು ಬೇಡವಾಯಿತು. 3ನೆಯ ಕೃಷ್ಣನ ಕ್ರಿ.ಶ. 940ರ ದೇವಳಿ ತಾಮ್ರಪಟವು ಆ ಕುಲವನ್ನು ಯದುವಂಶಕ್ಕೆ ಸೇರಿಸಿ, ರಟ್ಟನೆಂಬ ಮೂಲಪುರುಷನನ್ನೂ ರಾಷ್ಟ್ರಕೂಟನೆಂಬ ಅವನ ಮಗನನ್ನೂ ಹೇಳಿ, ಆ ಮಗನಿಂದ ಕುಲಕ್ಕೆ ಹೆಸರು ಬಂದಿತೆನ್ನುತ್ತದೆ. ಹುದ್ದೆ ಒಬ್ಬ ವ್ಯಕ್ತಿಯಾಗಿಬಿಟ್ಟಿತು. ಅಧಿಕಾರವನ್ನು ಒಬ್ಬ ಅರಸನಿಂದ ಪಡೆದದ್ದು ಎಂದು ಹೇಳಿಕೊಳ್ಳುವ ಕುಲ ಎಂದೋ ಒಂದು ದಿನ ಇನ್ನೊಬ್ಬರ ಕೆಳಗಿತ್ತು ಎಂದು ಒಪ್ಪಿಕೊಂಡಂತೆ. ಮೂಲಪುರುಷನಿಂದ ಪಡೆದದ್ದು ಎಂದರೆ ಆ ತೊಡಕಿಲ್ಲ. ವಂಶಾವಳಿಗಳು ಮರೆಯಿಸಲೆಂದು ಹುಟ್ಟಿದ ಇಂತಹ ಎಡೆಗಳಲ್ಲಿಯೇ ಚರಿತ್ರೆಯ ವಿದ್ಯಾರ್ಥಿ ಕಣ್ಣು ತೆರೆದಿರಬೇಕು.

ಸಾಮ್ರಾಜ್ಯ 10ನೆಯ ಶತಮಾನದ ಕೊನೆಯಲ್ಲಿ ಅಳಿಯಿತು, ಪದ ಅಳಿಯಲಿಲ್ಲ. ಬೆಳಗಾವಿ ಜಿಲ್ಲೆಯ ಸವದತ್ತಿಯಲ್ಲಿ ರಟ್ಟರೆಂಬ ಹೆಸರಿನಿಂದ ಅದು 13ನೆಯ ಶತಮಾನದವರೆಗೂ ಆಳಿತು. ಅವರು ತಮ್ಮನ್ನು ಲಟ್ಟಲೂರ ಪುರವರಾಧೀಶ್ವರರೆಂದು ಕರೆದುಕೊಂಡರು. ಲಟ್ಟಲೂರು ಇಂದಿನ ಲಾತೂರು. ತೆಲುಗು ನಾಡಿನಲ್ಲಿ ಅದು ರಟ್ಟಗುಡಿಯಾಗಿ, ರಟ್ಟಡಿಯಾಗಿ, ಕೊನೆಗೆ ರೆಡ್ಡಿಯಾಯಿತೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ್ದಾರೆ. ರಾಜಸ್ಥಾನದಲ್ಲಿ ರಾಠೋಡವಾಯಿತು. ಆ ರಾಠೋಡ ಎಂಬ ಅಡ್ಡಹೆಸರು ಇಂದು ಕರ್ನಾಟಕ, ಮಹಾರಾಷ್ಟ್ರಗಳ ಲಂಬಾಣಿ ತಾಂಡೆಗಳಲ್ಲಿಯೂ ಕೇಳಿಬರುತ್ತದೆ. ಒಂದು ಹೆಸರು ಹಲವು ಜನರಲ್ಲಿದೆಯೆಂದ ಮಾತ್ರಕ್ಕೆ ಆ ಜನರೆಲ್ಲ ಒಂದೇ ರಕ್ತದವರೆಂದು ಹೇಳಲಾಗದು. ತಹಸೀಲ್ದಾರ ಎಂಬ ಅಡ್ಡಹೆಸರಿನವರೆಲ್ಲ ಒಬ್ಬನೇ ತಹಸೀಲ್ದಾರನ ಸಂತತಿಯಲ್ಲ ಎಂಬಷ್ಟೇ ಸರಳವಾದ ತಿಳಿವಳಿಕೆ ಇದು.

ಈ ಸರಳ ತಿಳಿವಳಿಕೆ ಇಲ್ಲದೆ ನಡೆದ ವಾದಗಳು ಕಡಿಮೆಯಲ್ಲ. ಫ್ಲೀಟ್ ಅವರು ರಾಠೋಡರ ಸಂಬಂಧವನ್ನು ಹಿಡಿದು ಉತ್ತರದತ್ತ ನೋಡಿದರು. ಬರ್ನೆಲ್ ಅವರು ರೆಡ್ಡಿ ಎಂಬ ಪದವನ್ನು ಹಿಡಿದು ತೆಲುಗು ನಾಡಿನತ್ತ ನೋಡಿದರು. ಚಿಂತಾಮಣಿ ವಿನಾಯಕ ವೈದ್ಯರು ಅವರನ್ನು ಮರಾಠರ ಪೂರ್ವಜರೆಂದು ಸಾಧಿಸಿದರು. ಮೂವರೂ ಹಿಡಿದದ್ದು ಬಹುಮಟ್ಟಿಗೆ ಒಂದೇ ಪದದ ಮೂರು ರೂಪಗಳನ್ನು. ಪದವೇನೋ ಮೂರು ನಾಡುಗಳಲ್ಲಿಯೂ ಇತ್ತು. ಏಕೆಂದರೆ ಹುದ್ದೆ ಮೂರು ನಾಡುಗಳಲ್ಲಿಯೂ ಇತ್ತು. ಹೆಸರಿನ ದಾರಿ ಹಿಡಿದು ಹೊರಟವರು ಒಂದೊಂದು ಕವಲಿನಲ್ಲಿ ಒಂದೊಂದು ಊರನ್ನು ಮುಟ್ಟಿದರು.

ಅನಂತ ಸದಾಶಿವ ಅಳತೇಕರರು 1934ರಲ್ಲಿ ಪ್ರಕಟಿಸಿದ, ರಾಷ್ಟ್ರಕೂಟರನ್ನೂ ಅವರ ಕಾಲವನ್ನೂ ಕುರಿತ ಇಂಗ್ಲಿಷ್ ಗ್ರಂಥವು ಬೇರೆ ದಾರಿ ಹಿಡಿಯಿತು. ಕೊಲ್ಲಾಪುರ ಸೀಮೆಯ ಮರಾಠಿ ವಿದ್ವಾಂಸರಾದ ಅಳತೇಕರರು ಹೆಸರಿಗಿಂತ ಹೆಚ್ಚಾಗಿ ಬಳಕೆಯನ್ನು ವಿಚಾರಿಸಿದರು. ಲಟ್ಟಲೂರಿನಿಂದ ಬಂದ ಈ ಮನೆತನದ ಮಾತು ಕನ್ನಡವಾಗಿತ್ತೆಂಬ ತೀರ್ಮಾನಕ್ಕೆ ಅವರು ಬಂದರು. ಗುಜರಾತ್ ಶಾಖೆಯ ಅರಸರು ತಮ್ಮ ತಾಮ್ರಪಟಗಳಿಗೆ ಹಾಕಿದ ಸಹಿಯ ಲಿಪಿ ದಕ್ಷಿಣದ್ದು ಎಂಬುದನ್ನು ಅವರು ಎತ್ತಿ ತೋರಿಸಿದರು. ದಾನಪತ್ರವನ್ನು ಸ್ಥಳದ ಲೇಖಕ ಬರೆಯುತ್ತಾನೆ. ಸಹಿಯನ್ನು ಮಾತ್ರ ಮನುಷ್ಯ ತಾನು ಬಾಲ್ಯದಲ್ಲಿ ಕಲಿತ ಅಕ್ಷರದಲ್ಲಿಯೇ ಹಾಕುತ್ತಾನೆ. ಮರಾಠಿಯನ್ನಾಡುವ ಒಬ್ಬ ವಿದ್ವಾಂಸ ಸಾಕ್ಷ್ಯವನ್ನು ತೂಗಿ ಕನ್ನಡದ ಕಡೆ ತೀರ್ಪು ಕೊಟ್ಟದ್ದು ನಮ್ಮ ಗೆಲುವೆಂದು ಬೀಗುವ ವಿಷಯವಲ್ಲ. ವಿದ್ವತ್ತು ಹೇಗಿರಬೇಕೆಂಬುದಕ್ಕೆ ಮೇಲ್ಪಂಕ್ತಿ.

ಆ ದಾರಿಯಲ್ಲಿ ಮುಂದುವರಿದರೆ ಕನ್ನಡದ ಪಾಲಿಗೆ ದೊರೆಯುವ ಆಧಾರಗಳು ಅಲ್ಪವಲ್ಲ. ಮಧ್ಯಪ್ರದೇಶದ ಜೂರಾದಲ್ಲಿ, ನರ್ಮದೆಯ ಆಚೆಗೆ, 3ನೆಯ ಕೃಷ್ಣನನ್ನು ಹೊಗಳುವ ಕನ್ನಡ ಶಾಸನವಿದೆ. ಕೇಳುವವರು ಯಾರೂ ಇಲ್ಲದ ಸೀಮೆಯಲ್ಲಿ ಕನ್ನಡವನ್ನು ಕಲ್ಲಿನ ಮೇಲೆ ಬರೆಸುವುದಕ್ಕೆ ಆಡಳಿತದ ಅನುಕೂಲ ಕಾರಣವಾಗಲಾರದು. ಅದು ತಮ್ಮ ನುಡಿ ಎಂಬುದೇ ಕಾರಣ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕ್ರಿ.ಶ. 850ರ ಸುಮಾರಿಗೆ ಕವಿರಾಜಮಾರ್ಗ ರಚಿತವಾಯಿತು. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹೇಳಿದ ಆ ಗ್ರಂಥ, ಕನ್ನಡದ ತಿರುಳನ್ನು ಮಾತ್ರ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವೆ ಗುರುತಿಸಿತು ಎಂಬುದನ್ನೂ ಗಮನಿಸಬೇಕು. ಸಾಮ್ರಾಜ್ಯದ ವಿಸ್ತಾರ ಬೇರೆ, ನುಡಿಯ ನೆಲೆ ಬೇರೆ ಎಂಬ ವಿವೇಕ ಆ ಕಾಲದವರಿಗೇ ಇತ್ತು.

ಇದೇ ಸಂದರ್ಭದಲ್ಲಿ ನೆನೆಯಬೇಕಾದ ಇನ್ನೊಂದು ದಾಖಲೆ ಬ್ರಿಟಿಷ್ ಮ್ಯೂಸಿಯಂನಲ್ಲಿರುವ, 3ನೆಯ ಗೋವಿಂದನ ಕ್ರಿ.ಶ. 804ರ ಕನ್ನಡ ತಾಮ್ರಪಟ. ಅವನ ರಾಣಿಯ ಹೆಸರನ್ನು ಅದು ಗಾಮುಂಡಬ್ಬೆ ಎಂದು ಹೇಳುತ್ತದೆ. ಗಾಮುಂಡ ಎಂದರೆ ಊರ ಮುಖ್ಯಸ್ಥ. ಅದೇ ಗಾವುಂಡ, ಅದೇ ಇಂದಿನ ಗೌಡ. ಹೇಮಚಂದ್ರನ ದೇಶೀನಾಮಮಾಲೆಯಲ್ಲಿ ‘ಗಾಮಉಡ’ ಎಂಬ ಪದ ಗ್ರಾಮಪ್ರಧಾನನೆಂಬ ಅರ್ಥದಲ್ಲಿದೆ. ಕನ್ನಡದ ಗಾಮುಂಡ ಈ ಗಾಮಉಡದ, ಅದರ ಹಿಂದಿನ ಗ್ರಾಮಕೂಟದ ಮಾರ್ಪಾಡೆಂದು ಒಂದು ಪಕ್ಷ. ಅದರ ಮೂಲ ಬೇರೆಯೆಂದು ಇನ್ನೊಂದು ಪಕ್ಷ. ಮೊದಲ ಪಕ್ಷ ನಿಂತರೆ ರಾಷ್ಟ್ರಕೂಟ ಚಕ್ರವರ್ತಿಯೂ ಅವನ ರಾಣಿ ಗಾಮುಂಡಬ್ಬೆಯೂ ‘ಕೂಟ’ ಎಂಬ ಒಂದೇ ಪದದ ಎರಡು ರೂಪಗಳನ್ನು ಹೆಸರಿನಲ್ಲಿ ಧರಿಸಿದ್ದರು: ಒಬ್ಬನದು ನಾಡಿನ ಹಿರಿತನ, ಒಬ್ಬಳದು ಊರಿನ ಹಿರಿತನ. ಅದು ನಿಲ್ಲದಿದ್ದರೂ ಒಂದು ಮಾತು ಉಳಿಯುತ್ತದೆ. ಊರಗೌಡಿಕೆಯ ಹೆಸರನ್ನು ಹೊತ್ತವಳು ಆ ಅರಮನೆಯಲ್ಲಿ ರಾಣಿಯಾಗಿ ಕುಳಿತಿದ್ದಳು. ಕನ್ನಡ ದಾಖಲೆ ಅದನ್ನು ಮರೆಮಾಡದೆ ಬರೆಯಿತು.

ಅಧಿಕಾರನಾಮದ ಇಂತಹ ಏರಿಕೆ ವೇರೂಳದಲ್ಲಿ ಒಂದೇ ಸಲ ನಡೆದುದಲ್ಲ. ದಂತಿದುರ್ಗನಿಗಿಂತ ಎಂಟು ಶತಮ���ನಗಳಿಗೂ ಹೆಚ್ಚು ಕಾಲದ ನಂತರ ಭೋಸಲೆ ಮನೆತನದ ಮಾಲೋಜಿ ಅದೇ ಊರಿನ ಪಾಟೀಲನಾಗಿದ್ದನೆಂಬುದು ಮರಾಠಿ ಇತಿಹಾಸದಲ್ಲಿ ಪ್ರಸಿದ್ಧ. ಪಾಟೀಲ ಎಂಬುದು ಶಾಸನಗಳ ಪಟ್ಟಕಿಲದಿಂದ ಬಂದ ಪದ. ಊರ ಮುಖ್ಯಸ್ಥನ ಹುದ್ದೆ. ಮಾಲೋಜಿಯ ಮಗ ಶಹಾಜಿ ಬೆಂಗಳೂರಿನಲ್ಲಿ ನೆಲೆಯೂರಿ, 1664ರಲ್ಲಿ ಇಂದಿನ ದಾವಣಗೆರೆ ಜಿಲ್ಲೆಯ ಹೊದಿಗೆರೆಯಲ್ಲಿ ತೀರಿಕೊಂಡವನು. ಮೊಮ್ಮಗ ಶಿವಾಜಿ 1674ರಲ್ಲಿ ಛತ್ರಪತಿಯಾದನು. ಮರಿಮಗ ಸಂಭಾಜಿ. 2023ರಲ್ಲಿ ಔರಂಗಾಬಾದಿಗೆ ಅಧಿಕೃತವಾಗಿ ಇಟ್ಟ ಹೆಸರಿನಲ್ಲಿ ವೇರೂಳದ ಪಾಟೀಲನ ಮರಿಮಗನೂ ಇದ್ದಾನೆ, ಅವನ ಮನೆತನ ಗಳಿಸಿದ ಬಿರುದೂ ಇದೆ. ನಾಡಿನ ತಲೆಯಾಳಿನ ಹೆಸರು ಸಾಮ್ರಾಜ್ಯವಾದ ನೆಲದಲ್ಲಿಯೇ ಊರಿನ ತಲೆಯಾಳಿನ ಮನೆತನ ಇನ್ನೊಂದು ರಾಜ್ಯವನ್ನು ಕಟ್ಟಿತು. ದಖ್ಖಣದಲ್ಲಿ ಅಧಿಕಾರ ಮೇಲಿನಿಂದ ಇಳಿದು ಬಂದಷ್ಟೇ ಸಹಜವಾಗಿ ಹೊಲಗದ್ದೆಗಳ ನಡುವಿನಿಂದ ಮೇಲೆದ್ದಿದೆ.

‘ರಾಷ್ಟ್ರ’ ಎಂಬ ಪದವಾದರೂ ಇದ್ದಲ್ಲಿ ಇಲ್ಲ. 1950ರಲ್ಲಿ ಗಣರಾಜ್ಯ ಸ್ಥಾಪಿತವಾದಾಗ ಅದರ ಮುಖ್ಯಸ್ಥರಿಗೆ ರಾಷ್ಟ್ರಪತಿ ಎಂಬ ಹೆಸರು ನಿಂತಿತು. 3ನೆಯ ಗೋವಿಂದನ ತಾಮ್ರಪಟದಲ್ಲಿ ಅರಸನ ಅಪ್ಪಣೆಯನ್ನು ಕೇಳಿಸಿಕೊಳ್ಳುವ ಸಾಲಿನ ಮೊದಲಲ್ಲಿದ್ದ ಅಧಿಕಾರಿಯ ಹೆಸರು ಈಗ ದೇಶದ ಅತ್ಯುನ್ನತ ಪೀಠದಲ್ಲಿದೆ. ಪದ ಏರಿತು ಎನ್ನುವುದಕ್ಕಿಂತ ರಾಷ್ಟ್ರ ಎಂಬುದರ ಅರ್ಥವೇ ಹಿಗ್ಗಿತು ಎನ್ನಬೇಕು. ಹಿಗ್ಗಿದ ಇಂದಿನ ಅರ್ಥವನ್ನು ಹಳೆಯ ಶಾಸನಕ್ಕೆ ತೊಡಿಸಿದಾಗಲೇ ‘ರಾಷ್ಟ್ರಗಳ ಕೂಟ’ದಂತಹ ವಿವರಣೆಗಳು ಹುಟ್ಟುವುದು.

ಹುದ್ದೆಗಳ ಕಡೆ ನೋಡಿದರೆ ಹಳೆಯ ಏಣಿಯ ಕೆಳಗಿನ ಮೆಟ್ಟಿಲುಗಳನ್ನು ಕಳೆದ ಶತಮಾನದ ಶಾಸನಸಭೆಗಳು ತೆಗೆದುಹಾಕಿದವು. 1961ರ ಕರ್ನಾಟಕ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ ವಂಶಪಾರಂಪರ್ಯದ ಗೌಡಿಕೆ, ಶಾನುಭೋಗಿಕೆಗಳನ್ನು ಕೊನೆಗಾಣಿಸಿತು. ಮಹಾರಾಷ್ಟ್ರದಲ್ಲಿ 1962ರ ಕಾಯಿದೆ ಪಾಟೀಲಕಿಯನ್ನು ರದ್ದುಪಡಿಸಿತು. ಅಶೋಕನ ಕಾಲದ ಪೆತ್ತನಿಕನಿಂದ ನಡೆದು ಬಂದ, ಹುದ್ದೆಯನ್ನು ತಂದೆಯಿಂದ ಮಗ ಪಡೆಯುವ ಪದ್ಧತಿ ಕಾನೂನಿನ ಮಟ್ಟಿಗಾದರೂ ಅಲ್ಲಿಗೆ ನಿಂತಿತು. ಹೆಸರುಗಳನ್ನು ಮಾತ್ರ ಯಾವ ಕಾಯಿದೆಯೂ ರದ್ದುಮಾಡಲಿಲ್ಲ, ಮಾಡಲೂ ಆಗದು.

ಉತ್ತರ ಕರ್ನಾಟಕದ ಯಾವುದೇ ಕಾಲೇಜಿನ ಹಾಜರಿ ಪುಸ್ತಕವನ್ನು ತೆರೆದರೆ ಪಾಟೀಲ, ಗೌಡರ, ರೆಡ್ಡಿ, ರಾಠೋಡ, ಕುಲಕರ್ಣಿ ಎಂಬ ಹೆಸರುಗಳು ಒಂದರ ಕೆಳಗೆ ಒಂದು ಬರುತ್ತವೆ. ಒಂದು ತಾಮ್ರಪಟದ ಅಧಿಕಾರಿಗಳ ಸಾಲು ಏಣಿಯಿಂದ ಇಳಿದು ಸಮನಾದ ಬೆಂಚುಗಳ ಮೇಲೆ ಕುಳಿತಂತಿರುತ್ತದೆ ಅದು. ಅವರಲ್ಲಿ ರೆಡ್ಡಿಯೂ ರಾಠೋಡನೂ ಮಾನ್ಯಖೇಟದ ಚಕ್ರವರ್ತಿಗಳ ಹೆಸರನ್ನೇ ತಮಗೆ ತಿಳಿಯದೆ ಧರಿಸಿರುತ್ತಾರೆ. ಆ ಹೆಸರಿನ ಬಲದಿಂದ ಯಾರೂ ಯಾರಿಗಿಂತ ಹಿರಿಯರಾಗುವುದಿಲ್ಲ. ಯಾವ ಭಾಷೆಯೂ ಇನ್ನೊಂದು ಭಾಷೆಯ ನೆಲವನ್ನು ಕೇಳುವಂತಾಗುವುದಿಲ್ಲ. ಕೈಲಾಸದ ಮುಂದೆ ಕನ್ನಡಿಗರು ಹೇಳಬಹುದಾದದ್ದು ಇಷ್ಟು: ಇದನ್ನು ಕಟ್ಟಿಸಿದವರ ಹೆಸರು ದಖ್ಖಣದ ಎಲ್ಲರದು, ಅವರು ತಮ್ಮದೆಂದು ಆಡಿದ, ಶಾಸ್ತ್ರವನ್ನು ಬರೆಸಿ ಬೆಳೆಸಿದ ನುಡಿ ನಮ್ಮದು. ಮೊದಲನೆಯದನ್ನು ಹಂಚಿಕೊಳ್ಳುವುದರಿಂದ ಎರಡನೆಯದಕ್ಕೆ ಕುಂದಿಲ್ಲ.